ಪತ್ರಿಕೆಯ ಬೀಗದ ಕೈ ಯಾರ ಬಳಿ ಇರಬೇಕು?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಒಂದು ಸರಕಾರಿ ಕಾಲೇಜಿನಲ್ಲಿ ನಾನು ಕನ್ನಡ ಅಧ್ಯಾಪಿಕೆ. 2016ರಿಂದ ನಮ್ಮ ವಿಭಾಗ ವರ್ಷಕ್ಕೆ ಎರಡು ಸಂಚಿಕೆಯಂತೆ ಒಂದು ಸಂಶೋಧನ ಪತ್ರಿಕೆಯನ್ನು ಜಾಲತಾಣದಲ್ಲಿ ಪ್ರಕಟಿಸುತ್ತಿದೆ. ಓದಲಿಕ್ಕೆ ಹಣವಿಲ್ಲ, ಬರೆಯುವವರಿಂದಲೂ ತೆಗೆದುಕೊಂಡಿಲ್ಲ. ಪತ್ರಿಕೆಗಳನ್ನು ಜಾಲದಲ್ಲಿ ನಡೆಸುವ ಓಪನ್ ಜರ್ನಲ್ ಸಿಸ್ಟಮ್ಸ್ ತಂತ್ರಾಂಶವನ್ನು ಕೂರಿಸಿದ ಮಾಷ್ ಎರಡು ವರ್ಷದ ಹಿಂದೆ ವರ್ಗವಾಗಿ ಹೋದರು. ಮೂರು ತಿಂಗಳಿಂದ ತಾಣ ತೆರೆದರೆ ಬರೀ ಬಿಳಿ ಪುಟ. ನಮ್ಮ ಲೈಬ್ರೇರಿಯನ್ ಸಹಾಯಕ್ಕೆ ತಯಾರಿದ್ದಾರೆ, ಆದರೆ ಅವರು ತೃಶ್ಶೂರು ಕಡೆಯವರು, ಕನ್ನಡ ಓದಲು ಬಾರದು. ಪತ್ರಿಕೆಯನ್ನು ನಿಲ್ಲಿಸಿ ಮುದ್ರಣಕ್ಕೆ ಮರಳೋಣವೇ? ಅಥವಾ ಲೇಖಕರಿಂದ ಶುಲ್ಕ ಪಡೆದು ಹೊರಗಿನವರಿಗೆ ವಹಿಸೋಣವೇ?

ಉತ್ತರ: ಎರಡೂ ಬೇಡ ಟೀಚರ್. ಬಿಳಿ ಪುಟ ಬಂತೆಂದರೆ ಪತ್ರಿಕೆ ಹೋಯಿತೆಂದಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಆಗುವುದು ಇಷ್ಟೆ: ತಾಣಕ್ಕೆ ಜಾಗ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಯವರು ತಮ್ಮ ಸರ್ವರಿನಲ್ಲಿ ತಾಣಗಳನ್ನು ನಡೆಸುವ ಭಾಷೆಯಾದ ಪಿಎಚ್‌ಪಿಯನ್ನು ಹೊಸ ಆವೃತ್ತಿಗೆ ಏರಿಸುತ್ತಾರೆ. ಓಪನ್ ಜರ್ನಲ್ ಸಿಸ್ಟಮ್ಸ್, ನಾವೆಲ್ಲ ಓಜೆಎಸ್ ಎನ್ನುವುದು, ಆ ಪಿಎಚ್‌ಪಿಯ ಮೇಲೆ ಓಡುವ ತಂತ್ರಾಂಶ. ಓಜೆಎಸ್‌ನ 3.1, 3.2ರಂಥ ಹಳೆಯ ಆವೃತ್ತಿಗಳಿಗೆ ಪಿಎಚ್‌ಪಿ 8 ಹಿಡಿಸುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಯಾರೂ ಏನೂ ಮುಟ್ಟದೆಯೇ ತಾಣ ಮಲಗುತ್ತದೆ. ಲೇಖನಗಳು ಒಳಗೆ ಇದ್ದಲ್ಲೇ ಇರುತ್ತವೆ.

ಹೋಸ್ಟಿಂಗ್‌ನ ನಿಯಂತ್ರಣ ಫಲಕದಲ್ಲಿ ಪಿಎಚ್‌ಪಿಯನ್ನು ತಾತ್ಕಾಲಿಕವಾಗಿ ಹಳೆಯ ಆವೃತ್ತಿಗೆ ಇಳಿಸಲು ಅವಕಾಶವಿದ್ದರೆ, ಅಷ್ಟರಿಂದಲೇ ತಾಣ ಎದ್ದು ಕೂರಬಹುದು. ಆದರೆ ಅದಕ್ಕೂ ಮೊದಲು ಪ್ರತಿ ತೆಗೆದಿಡಿ. ನಾಲ್ಕು ವಸ್ತುಗಳು ಕೈಗೆ ಬರಬೇಕು: ಪತ್ರಿಕೆಯ ವಿವರಗಳೆಲ್ಲ ಇರುವ ಡಾಟಾಬೇಸಿನ ಪೂರ್ತಿ ನಕಲು, ಲೇಖನದ ಫೈಲುಗಳಿರುವ ಫೋಲ್ಡರು, ಪಬ್ಲಿಕ್ ಎಂಬ ಹೆಸರಿನ ಫೋಲ್ಡರು, ಮತ್ತು ತಂತ್ರಾಂಶದ ಹೊಂದಾಣಿಕೆಗಳನ್ನು ಬರೆದಿಟ್ಟ ಕಾನ್ಫಿಗ್ ಫೈಲು. ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ, ಯಾಕೆಂದರೆ ಭದ್ರತೆಗಾಗಿ ಅದನ್ನು ಜಾಲತಾಣದ ಮುಖ್ಯ ಫೋಲ್ಡರಿನ ಹೊರಗೆ ಇಟ್ಟಿರುತ್ತಾರೆ. ಅದು ಎಲ್ಲಿದೆ ಎಂಬುದು ಕಾನ್ಫಿಗ್ ಫೈಲಿನಲ್ಲೇ ಬರೆದಿರುತ್ತದೆ. ಡಾಟಾಬೇಸ್ ಮಾತ್ರ ಉಳಿದು ಈ ಫೋಲ್ಡರು ಹೋದರೆ ನಿಮ್ಮ ಹತ್ತಿರ ಶೀರ್ಷಿಕೆಗಳಿರುತ್ತವೆ, ಲೇಖನಗಳಿರುವುದಿಲ್ಲ. ಮದುವೆ ಮನೆಯಲ್ಲಿ ಎಲೆ ಹಾಕಿದ್ದಾರೆ, ಅನ್ನ ಬರಲಿಲ್ಲ ಎಂಬ ಹಾಗೆ. ಈ ನಾಲ್ಕೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಹೋಗಲಿ. ಒಂದು ಗ್ರಂಥಾಲಯದ ಕಪಾಟಿನಲ್ಲಿ, ಇನ್ನೊಂದು ನಿಮ್ಮ ವಿಭಾಗದಲ್ಲಿ.

ವರ್ಗವಾಗಿ ಹೋದ ಮಾಷ್‌ಗೆ ಇವತ್ತೇ ಫೋನ್ ಮಾಡಿ. ದೂರು ಹೇಳಲು ಅಲ್ಲ. ಅವರು ಒಬ್ಬರೇ ಇಷ್ಟು ವರ್ಷ ಹೊತ್ತಿದ್ದಕ್ಕೆ ಕೃತಜ್ಞತೆ ಹೇಳಿ, ಮೂರು ವಿಷಯ ಕೇಳಿ: ಹೋಸ್ಟಿಂಗ್ ಖಾತೆ ಯಾರ ಇಮೇಲಿನಲ್ಲಿದೆ, ಡೊಮೈನ್, ಅಂದರೆ ತಾಣದ ವಿಳಾಸ, ಯಾರ ಹೆಸರಿನಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ.

ಮೂರನೆಯ ಪ್ರಶ್ನೆ ಯಾಕೆ ಮುಖ್ಯ ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ನಾನು ಗ್ರಂಥಪಾಲನಾಗಿದ್ದ ಒಂದು ಕಾಲೇಜಿನಲ್ಲಿ ಇಂಥದೇ ಪತ್ರಿಕೆಯಿತ್ತು. ಡೊಮೈನನ್ನು ಸಂಪಾದಕರು ತಮ್ಮ ಸ್ವಂತ ಹೆಸರಿನಲ್ಲಿ, ಸ್ವಂತ ದುಡ್ಡಿನಲ್ಲಿ ತೆಗೆದಿದ್ದರು. ಅವರು ನಿವೃತ್ತರಾದರು. ನವೀಕರಣದ ಇಮೇಲುಗಳು ಅವರು ನೋಡುವುದನ್ನೇ ಬಿಟ್ಟಿದ್ದ ಅಂಚೆಪೆಟ್ಟಿಗೆಗೆ ಹೋಗಿ ಬಿದ್ದವು. ನಾನು ಒಂದು ದಿನ ವಿದ್ಯಾರ್ಥಿಯೊಬ್ಬಳಿಗೆ ತುಳು ಹಾಡುಕಥೆಯಾದ ಪಾಡ್ದನದ ಮೇಲಿನ ಲೇಖನವೊಂದನ್ನು ತೋರಿಸಲು ಹೋದೆ. ತೆರೆದುಕೊಂಡದ್ದು ಜೂಜಿನ ಜಾಹೀರಾತು. ಅವಧಿ ಮುಗಿದ ಹೆಸರನ್ನು ಯಾರೋ ಕೊಂಡುಬಿಟ್ಟಿದ್ದರು. ಆ ಹುಡುಗಿ ಏನೂ ಮಾತಾಡದೆ ನನ್ನ ಮುಖ ನೋಡಿದಳು. ಅದು ನನಗೆ ಈಗಲೂ ನೆನಪಿದೆ. ನಾನು ಅದೇ ಕಟ್ಟಡದಲ್ಲಿ ದಿನಾ ಕೂತಿದ್ದವನು. ಪುಸ್ತಕಕ್ಕೆ ಗೆದ್ದಲು ಹಿಡಿಯದಂತೆ ನೋಡಿಕೊಂಡೆ, ಪತ್ರಿಕೆಯ ಕಡೆ ಕಣ್ಣು ಹಾಯಿಸಲಿಲ್ಲ. ಅದು ವಿಭಾಗದ್ದು ಎಂದುಕೊಂಡಿದ್ದೆ. ವಿಭಾಗದವರು ಅದು ಸಂಪಾದಕರದ್ದು ಎಂದುಕೊಂಡಿದ್ದರು.

ಹಾಗಾಗಿ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದು: ಲೇಖನ ಆರಿಸುವುದು, ತಿದ್ದುವುದು, ವಿಮರ್ಶಕರಿಗೆ ಕಳಿಸುವುದು ಅಧ್ಯಾಪಕರ ಕೆಲಸ. ಪತ್ರಿಕೆ ಇರುವ ಮನೆಯನ್ನು ನೋಡಿಕೊಳ್ಳುವುದು ಗ್ರಂಥಾಲಯದ ಕೆಲಸ. ಡೊಮೈನು, ಹೋಸ್ಟಿಂಗು, ಪಾಸ್‌ವರ್ಡು, ನಕಲು ಪ್ರತಿ, ಪತ್ರಿಕೆಯ ಗುರುತು ಸಂಖ್ಯೆಯಾದ ಐಎಸ್‌ಎಸ್‌ಎನ್ ಪತ್ರ, ಇವೆಲ್ಲ ಗ್ರಂಥಾಲಯದ ಆಕ್ಸೆಷನ್ ರಿಜಿಸ್ಟರಿನಲ್ಲಿ ಪುಸ್ತಕದ ಹಾಗೆಯೇ ದಾಖಲಾಗಬೇಕು. ಲೈಬ್ರೇರಿಯನ್ ವರ್ಗವಾಗಿ ಹೋಗುವಾಗ ಚಾರ್ಜ್ ಹಸ್ತಾಂತರಿಸದೆ ಹೋಗುವಂತಿಲ್ಲ. ಒಂದು ಪುಸ್ತಕ ಕಡಿಮೆಯಾದರೂ ಲೆಕ್ಕ ಕೊಡಬೇಕು. ಅಧ್ಯಾಪಕರ ವರ್ಗಾವಣೆಯಲ್ಲಿ ಅಂಥ ಕಟ್ಟುನಿಟ್ಟು ಇಲ್ಲ. ಗ್ರಂಥಾಲಯದ ಈ ಹಳೆಯ ಶಿಸ್ತಿನೊಳಗೆ ಪತ್ರಿಕೆಯನ್ನು ತಂದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಅಧ್ಯಾಪಕರು, ಗ್ರಂಥಪಾಲಕರು ಎರಡು ಬೇರೆ ಜಾತಿ ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಹೇಗೋ ಬೇರೂರಿದೆ. ಆದರೆ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸಲು ಬಂದವರು. ಕಾಸರಗೋಡು ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಕೊಟ್ಟರು. ಐದನೆಯದು, ಗ್ರಂಥಾಲಯ ಬೆಳೆಯುವ ಜೀವ ಎಂದು. ಪಾಠ ಹೇಳುವವರ ಅವಸರವೂ ಪುಸ್ತಕ ಕಾಯುವವರ ತಾಳ್ಮೆಯೂ ಒಬ್ಬರಲ್ಲೇ ಇದ್ದದ್ದರಿಂದ ಆ ಸೂತ್ರಗಳು ಹುಟ್ಟಿದವು ಎಂದು ನಾನು ನಂಬಿದ್ದೇನೆ. ನಿಮ್ಮಲ್ಲಿ ಅದು ಇಬ್ಬರಲ್ಲಿ ಹಂಚಿಹೋಗಿದೆ, ಅಷ್ಟೆ.

ಈಗ ಭಾಷೆಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಲೈಬ್ರೇರಿಯನ್‌ಗೆ ಕನ್ನಡ ಬಾರದು ಎಂಬುದನ್ನು ನೀವು ಅಡ್ಡಿ ಎಂದು ಬರೆದಿದ್ದೀರಿ. ಕಾಸರಗೋಡಿನಲ್ಲಿ ಇದು ಬಹುತೇಕ ಕಾಲೇಜುಗಳ ಸ್ಥಿತಿ, ನಾಳೆ ಬರುವವರಿಗೂ ಬಾರದಿರಬಹುದು. ಹಾಗಾದರೆ ಕನ್ನಡ ಬಾರದವರೂ ತಪ್ಪಿಲ್ಲದೆ ಮಾಡಬಹುದಾದ ಹಾಗೆ ಕೆಲಸವನ್ನು ಜೋಡಿಸಿಕೊಳ್ಳಬೇಕು.

ನಿಮ್ಮ ಹಳೆಯ ಸಂಚಿಕೆಯ ಒಂದು ಪಿಡಿಎಫ್ ತೆರೆಯಿರಿ. ಅದರಲ್ಲಿ ‘ಚಂದ್ರಗಿರಿ’ ಎಂಬ ಪದವನ್ನು ನಕಲು ಮಾಡಿ ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಅಂಟಿಸಿ. ಚಂದ್ರಗಿರಿ ಎಂದೇ ಬಿದ್ದರೆ ನೀವು ಪುಣ್ಯವಂತರು. ಇಂಗ್ಲಿಷಿನ ಝಡ್, ಅದರ ಪಕ್ಕ ತಲೆಯ ಮೇಲೆ ಗೆರೆ ಹೊತ್ತ ಎ, ಹೀಗೆ ಏನೇನೋ ಬಿದ್ದರೆ ಲೇಖನವನ್ನು ನುಡಿ ಅಥವಾ ಅಂಥ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದಾರೆ ಎಂದರ್ಥ. ಪ್ರೆಸ್ಸಿನವರು ಪೇಜ್‌ಮೇಕರಿನಲ್ಲಿ ಪುಟ ಕಟ್ಟುತ್ತಿದ್ದ ಕಾಲದಿಂದ ಬಂದ ಅಭ್ಯಾಸ ಅದು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಚಂದ್ರಗಿರಿ ಹೊಳೆಯ ಬಗ್ಗೆ ಹತ್ತು ಪುಟ ಬರೆದಿದ್ದರೂ, ‘ಚಂದ್ರಗಿರಿ’ ಎಂದು ಹುಡುಕಿದ ಧಾರವಾಡದ ಸಂಶೋಧಕನಿಗೆ ಅದು ಸಿಗುವುದಿಲ್ಲ. ಮುಕ್ತವಾಗಿ ಇಟ್ಟೂ ಮುಚ್ಚಿಟ್ಟ ಹಾಗೆ. ಕನ್ನಡದ ಮುಕ್ತ ಪ್ರವೇಶಕ್ಕೆ, ಅಂದರೆ ಯಾರು ಬೇಕಾದರೂ ಹಣ ಕೊಡದೆ ಓದುವಂತಾಗಲು, ಹಣದ ಕೊರತೆಗಿಂತ ಇದು ದೊಡ್ಡ ತೊಡಕು ಎಂದು ನನ್ನ ಅಭಿಪ್ರಾಯ.

ಇಂಥದನ್ನು ಯಂತ್ರವೂ ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಪರಿವರ್ತಿಸಿದ ಮೇಲೆ ಕನ್ನಡ ಬಲ್ಲವರು ಒಮ್ಮೆ ಓದಲೇಬೇಕು. ಅರ್ಕಾವೊತ್ತು ಜಾಗ ತಪ್ಪುತ್ತದೆ. ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರಗಳ ಗೋಜಲಾಗಿ ಬದಲಾಗಿರುತ್ತವೆ. ಇದು ನಿಮ್ಮ ಮತ್ತು ನಿಮ್ಮ ಎಂ.ಎ. ವಿದ್ಯಾರ್ಥಿಗಳ ಕೆಲಸ. ಹೊಸ ಲೇಖನಗಳನ್ನಂತೂ ಯೂನಿಕೋಡಿನಲ್ಲಿ ಅಲ್ಲದೆ ಸ್ವೀಕರಿಸಬೇಡಿ. ಪಿಡಿಎಫ್ ಜತೆಗೆ ಜಾಲಪುಟವಾಗಿ ತೆರೆಯುವ ಎಚ್‌ಟಿಎಂಎಲ್ ರೂಪವನ್ನೂ ಏರಿಸಿ. ಒಳ್ಳೆಯ ಯೂನಿಕೋಡ್ ಕನ್ನಡವೂ ಕೆಲವೊಮ್ಮೆ ಪಿಡಿಎಫ್ ಆಗುವಾಗ ಒಳಗೊಳಗೇ ಚದುರುತ್ತದೆ.

ನನಗೆ ಗೊತ್ತಿರುವ ಒಬ್ಬ ಮಲಯಾಳಿ ಗ್ರಂಥಪಾಲಕಿ ಇದಕ್ಕೆ ಒಂದು ಸರಳ ಉಪಾಯ ಕಂಡುಕೊಂಡಿದ್ದರು. ಅವರಿಗೂ ಕನ್ನಡ ಬಾರದು. ವಿಭಾಗದಿಂದ ಬಂದ ಪ್ರತಿ ಪಿಡಿಎಫ್‌ನಿಂದಲೂ ಮೊದಲ ಸಾಲು, ನಡುವಿನ ಒಂದು ಸಾಲು, ಕೊನೆಯ ಸಾಲು ನಕಲು ಮಾಡಿ ಖಾಲಿ ಪುಟದಲ್ಲಿ ಅಂಟಿಸುತ್ತಿದ್ದರು. ಅಕ್ಷರ ಗುಂಡಗೆ ಬಂದರೆ ಮುಂದಕ್ಕೆ, ಎ, ಝಡ್ ಬಂದರೆ ವಾಪಸ್. ಒಂದು ಸಲ ಪಿಡಿಎಫ್‌ನಲ್ಲಿ ಕಂಡ ಸಾಲಿಗೂ ಅಂಟಿಸಿದ ಸಾಲಿಗೂ ಉದ್ದ ಬೇರೆ ಕಂಡಿತು, ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿದರು. ನೋಡಿದರೆ ಆ ಸಾಲಿನ ಒತ್ತಕ್ಷರಗಳೆಲ್ಲ ಬಿಟ್ಟುಹೋಗಿದ್ದವು. ಲೇಖನ ಬರೆದವರು ಎರಡು ಸಲ ಕರಡು ನೋಡಿದ್ದರೂ ಅದು ಅವರಿಗೆ ಕಂಡಿರಲಿಲ್ಲ, ಯಾಕೆಂದರೆ ಅವರು ಓದುತ್ತಿದ್ದರು, ನೋಡುತ್ತಿರಲಿಲ್ಲ.

ಮೆಟಾಡಾಟಾ, ಅಂದರೆ ಶೀರ್ಷಿಕೆ, ಲೇಖಕರ ಹೆಸರು, ಸಾರಾಂಶ, ಕೀಲಿಪದಗಳ ವಿವರ, ಇದನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ನೀವು ತುಂಬಿ ಕೊಡಿ. ಲೈಬ್ರೇರಿಯನ್ ಅದನ್ನು ಓಜೆಎಸ್‌ಗೆ ಏರಿಸಲಿ. ಸಂಶೋಧನ ಲೇಖನ ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಂಥವು ಮೊದಲು ಓದುವುದು ಈ ವಿವರವನ್ನೇ. ಕೀಲಿಪದ ಆರಿಸುವಾಗ ನಮ್ಮ ಗಡಿನಾಡಿನ ಊರುಗಳಿಗೆ ಎರಡೆರಡು ಹೆಸರಿರುವುದನ್ನು ಮರೆಯಬೇಡಿ. ಹೊಸದುರ್ಗ ಎಂದು ನೀವು ಬರೆದಿರುತ್ತೀರಿ, ಹುಡುಕುವವರು ಕಾಞಂಗಾಡ್ ಎಂದು ಹುಡುಕುತ್ತಾರೆ. ಕುಂಬಳೆ, ಕುಂಬಳ. ಮಂಜೇಶ್ವರ, ಮಂಜೇಶ್ವರಂ. ಎರಡೂ ರೂಪ ಕೊಡಿ. ಇಲ್ಲಿ ನಿಮ್ಮ ಲೈಬ್ರೇರಿಯನ್ನರ ಮಲಯಾಳವೇ ಪತ್ರಿಕೆಗೆ ಆಸ್ತಿ. ಯಾವ ರೂಪ ಸರಕಾರಿ ದಾಖಲೆಯಲ್ಲಿದೆ, ಯಾವುದು ಜನರ ಬಾಯಲ್ಲಿದೆ ಎಂದು ಅವರು ಥಟ್ಟನೆ ಹೇಳುತ್ತಾರೆ.

ಶುಲ್ಕದ ಪ್ರಶ್ನೆಗೆ ನನ್ನ ಉತ್ತರ ಖಂಡಿತವಾಗಿ ಇಲ್ಲ. 2002ರ ಬುಡಾಪೆಸ್ಟ್ ಘೋಷಣೆಯಿಂದ ಮುಕ್ತ ಪ್ರವೇಶ ಎಂಬ ಮಾತು ಚಾಲ್ತಿಗೆ ಬಂತು. ಓದುವವರಿಂದಲೂ ಬರೆಯುವವರಿಂದಲೂ ಹಣ ತೆಗೆದುಕೊಳ್ಳದ ಪತ್ರಿಕೆಗಳಿಗೆ ಈಗ ಡೈಮಂಡ್ ಮುಕ್ತ ಪ್ರವೇಶ ಎನ್ನುತ್ತಾರೆ. ಯುರೋಪಿನಲ್ಲಿ ನಡೆದ, 2021ರಲ್ಲಿ ಹೊರಬಂದ ಒಂದು ಅಧ್ಯಯನ ಅಂಥ ಪತ್ರಿಕೆಗಳು ಜಗತ್ತಿನಲ್ಲಿ 17,000ದಿಂದ 29,000ದವರೆಗೆ ಇರಬಹುದೆಂದು ಅಂದಾಜಿಸಿತು. ನೀವು ಹೆಸರು ಗೊತ್ತಿಲ್ಲದೆಯೇ 2016ರಿಂದ ಅದನ್ನು ಮಾಡುತ್ತಿದ್ದೀರಿ. ಭಾರತ ಸರಕಾರ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿದೆ. 2025ರ ಜನವರಿಯಿಂದ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರಕಾರಿ ಕಾಲೇಜುಗಳಿಗೆ ದೊರೆಯುವಂತಾಯಿತು. ಒಳ್ಳೆಯದೇ. ಆದರೆ ಬದಿಯಡ್ಕದ ಯಕ್ಷಗಾನ ಮೇಳದ ಬಗ್ಗೆ, ತುಳು ಕನ್ನಡ ಮಲಯಾಳ ಕೂಡಿದ ಮಾತಿನ ಬಗ್ಗೆ ಬರೆದ ಲೇಖನವನ್ನು ಆ ದೊಡ್ಡ ಪ್ರಕಾಶಕರು ಪ್ರಕಟಿಸುವವರಲ್ಲ. ಅದಕ್ಕೆ ನಿಮ್ಮ ಪತ್ರಿಕೆಯೇ ಬೇಕು. ಹಣ ತೆಗೆದುಕೊಂಡು ಲೇಖನ ಹಾಕುವ ಪತ್ರಿಕೆ ಎಂಬ ಹೆಸರು ಒಮ್ಮೆ ಅಂಟಿದರೆ ತೊಳೆದರೂ ಹೋಗುವುದಿಲ್ಲ.

ತಂತ್ರಾಂಶಕ್ಕೆ ಖರ್ಚಿಲ್ಲ. ಓಜೆಎಸ್ ಕೆನಡಾದಲ್ಲಿ ಪ್ರಾಧ್ಯಾಪಕ ಜಾನ್ ವಿಲಿನ್‌ಸ್ಕಿ 1998ರಲ್ಲಿ ಆರಂಭಿಸಿದ ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟಿನ ಸ್ವತಂತ್ರ ತಂತ್ರಾಂಶ. ಖರ್ಚಿರುವುದು ಹೋಸ್ಟಿಂಗಿಗೆ, ಡೊಮೈನಿಗೆ, ವರ್ಷಕ್ಕೆ ಕೆಲವು ಸಾವಿರ ರೂಪಾಯಿ. ಅದನ್ನು ಗ್ರಂಥಾಲಯದ ನಿಯತಕಾಲಿಕಗಳ ಬಾಬ್ತಿನಲ್ಲೇ ಸೇರಿಸಲು ಲೈಬ್ರರಿ ಸಮಿತಿಯಲ್ಲಿ ನಿರ್ಣಯ ಮಾಡಿಸಿ. ಆಗದಿದ್ದರೆ ಪಿಟಿಎ (ರಕ್ಷಕ-ಶಿಕ್ಷಕ ಸಂಘ) ನಿಧಿ. ಯಾರ ಕಿಸೆಯಿಂದಲೂ ಬೇಡ, ಕಿಸೆಯಿಂದ ಕೊಟ್ಟ ದಿನ ಪತ್ರಿಕೆ ಮತ್ತೆ ಒಬ್ಬರದಾಗುತ್ತದೆ. ಡೊಮೈನನ್ನು ಸಾಧ್ಯವಾದರೆ ಕಾಲೇಜಿನ ಎಸಿ ಡಾಟ್ ಇನ್ ವಿಳಾಸದ ಕೆಳಗೇ ತನ್ನಿ. ಆ ಹೆಸರುಗಳನ್ನು ಕೇಂದ್ರ ಸರಕಾರದ ಅರ್ನೆಟ್ ಸಂಸ್ಥೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ, ವ್ಯಕ್ತಿಗೆ ಅಲ್ಲ.

ಇನ್ನೊಂದು ದಾರಿಯೂ ಇದೆ. ಓಜೆಎಸ್ ಒಂದೇ ಕಡೆ ಕೂರಿಸಿದರೂ ಅದರಲ್ಲಿ ಎಷ್ಟೋ ಪತ್ರಿಕೆಗಳನ್ನು ನಡೆಸಬಹುದು. ಕಾಸರಗೋಡು ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಎಲ್ಲ ಕಡೆ ಕನ್ನಡ ಕಲಿಸುವವರಿದ್ದಾರೆ. ಗಡಿನಾಡಿನ ಕನ್ನಡ ವಿಭಾಗಗಳೆಲ್ಲ ಸೇರಿ ಒಂದೇ ವೇದಿಕೆಯನ್ನು ಒಂದು ದೊಡ್ಡ ಗ್ರಂಥಾಲಯದ ಆಶ್ರಯದಲ್ಲಿ ಇಟ್ಟರೆ ಖರ್ಚೂ ಶ್ರಮವೂ ಹಂಚಿಹೋಗುತ್ತದೆ. ಇದು ನನ್ನ ಬಹುಕಾಲದ ಆಸೆ. ನಿಮ್ಮ ತಾಣ ಸರಿಯಾದ ಮೇಲೆ ಈ ಮಾತನ್ನು ನೀವೇ ಎತ್ತಿ.

ಉಳಿಸುವ ವಿಷಯದಲ್ಲಿ ಅಲಕ್ಷ್ಯ ಬೇಡ. 2000ದಿಂದ 2019ರ ನಡುವೆ 170ಕ್ಕೂ ಹೆಚ್ಚು ಮುಕ್ತ ಪತ್ರಿಕೆಗಳು ಜಾಲದಿಂದ ಪೂರ್ತಿ ಮಾಯವಾದವು ಎಂದು ಸಂಶೋಧಕರು ಪಟ್ಟಿ ಮಾಡಿದ್ದಾರೆ. ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟಿನವರದೇ ಸಂರಕ್ಷಣಾ ಜಾಲವೊಂದಿದೆ. ಐಎಸ್‌ಎಸ್‌ಎನ್ ಇರುವ ಓಜೆಎಸ್ ಪತ್ರಿಕೆಗಳಿಗೆ ಉಚಿತ. ಒಂದು ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಪುಟ್ಟ ಭಾಗ) ಚಾಲೂ ಮಾಡಿ ಒಪ್ಪಿಗೆ ಕೊಟ್ಟರೆ ಹಲವು ಗ್ರಂಥಾಲಯಗಳಲ್ಲಿ ನಿಮ್ಮ ಸಂಚಿಕೆಗಳ ಪ್ರತಿ ಉಳಿಯುತ್ತದೆ. ಇದರ ಜತೆಗೆ ಪ್ರತಿ ಸಂಚಿಕೆಯ ಎರಡು ಮುದ್ರಿತ ಪ್ರತಿ ತೆಗೆದು ಹೊಲಿಸಿ ಇಡಿ. ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋಯಿತು. ಅಲ್ಲಿನವರು ಜೋಪಾನ ಮಾಡಿದ್ದರಿಂದ ಉಳಿಯಿತು. ಮುದ್ರಣಕ್ಕೆ ಮರಳೋಣವೇ ಎಂದು ಕೇಳಿದ್ದಿರಲ್ಲ, ಮುದ್ರಣ ಬೇಕು, ಆದರೆ ಜಾಲದ ಬದಲಿಗೆ ಅಲ್ಲ, ಅದರ ಬೆನ್ನಿಗೆ.

ಡಿಒಎಜೆ ಎಂಬ ಮುಕ್ತ ಪತ್ರಿಕೆಗಳ ಸೂಚಿಗೆ ಅರ್ಜಿ ಹಾಕುವುದು ಆಮೇಲಿನ ಮಾತು. ಅದಕ್ಕೆ ಶುಲ್ಕವಿಲ್ಲ. ವರ್ಷಕ್ಕೆ ಕನಿಷ್ಠ ಐದು ಸಂಶೋಧನ ಲೇಖನ, ಪ್ರತಿಯೊಂದಕ್ಕೂ ಪ್ರತ್ಯೇಕ ವಿಳಾಸ, ಲೇಖನವನ್ನು ಇತರರು ಹೇಗೆ ಬಳಸಬಹುದೆಂದು ಹೇಳುವ ಪರವಾನಗಿಯ ಸ್ಪಷ್ಟ ಉಲ್ಲೇಖ ಬೇಕು. ಸಣ್ಣ ವಿಭಾಗಗಳು ಎಡವುವುದು ಇನ್ನೊಂದು ಕಡೆ: ಒಂದು ಸಂಚಿಕೆಯಲ್ಲಿ ಸಂಪಾದಕ ಮಂಡಳಿಯವರ ಮತ್ತು ವಿಮರ್ಶಕರ ಲೇಖನಗಳು ಕಾಲು ಭಾಗ ಮೀರಬಾರದು. ನಮ್ಮವರೇ ಬರೆದು ನಮ್ಮವರೇ ಒಪ್ಪುವ ಅಭ್ಯಾಸ ಬಿಡಬೇಕಾಗುತ್ತದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು, ಇನ್ನು ಪತ್ರಿಕೆಯ ಗುಣ ನೋಡಿ ತೀರ್ಮಾನಿಸಬೇಕಾದ್ದು ಸಂಸ್ಥೆಗಳೇ. ಹಳೆಯ ಲೇಖಕರಿಗೆಲ್ಲ ಪತ್ರ ಬರೆದು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಗೆ ಒಪ್ಪಿಗೆ ಪಡೆಯುವ ಕೆಲಸವನ್ನು ಈ ರಜೆಯಲ್ಲೇ ಆರಂಭಿಸಿ. ವಯಸ್ಸಾದ ಲೇಖಕರಿಂದ ಮೊದಲು.

ಇಷ್ಟೆಲ್ಲ ಕೆಲಸ ಲೈಬ್ರೇರಿಯನ್ ಯಾಕೆ ಮಾಡಬೇಕು? ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸಂಪಾದಕ ಮಂಡಳಿಯ ಪುಟದಲ್ಲಿ ಅವರ ಹೆಸರು ಹಾಕಿ, ಕೃತಜ್ಞತೆಯ ಸಾಲಿನಲ್ಲಿ ಅಲ್ಲ, ಪ್ರಕಟಣ ವ್ಯವಸ್ಥಾಪಕರು ಎಂಬ ಸ್ಥಾನದಲ್ಲಿ. ಓಜೆಎಸ್‌ನಲ್ಲಿಯೂ ಅವರಿಗೆ ಜರ್ನಲ್ ಮ್ಯಾನೇಜರ್ ಅಧಿಕಾರ ಕೊಡಿ. ಸಂಪಾದಕ ಮಂಡಳಿಯ ಸಭೆಗೆ ಕರೆಯಿರಿ, ಅವರಿರುವಾಗ ಸಭೆಯ ಅರ್ಧವಾದರೂ ಮಲಯಾಳದಲ್ಲಿ ನಡೆಯಲಿ. ಯಾರು ಏನು ಮಾಡಬೇಕು, ಎಷ್ಟು ದಿನದೊಳಗೆ ಎಂದು ಒಂದೇ ಪುಟದಲ್ಲಿ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ಬರೆದಿಡದ ಒಪ್ಪಂದಗಳಲ್ಲೇ. ಪತ್ರಿಕೆಗೆ ಹುದ್ದೆಯ ಹೆಸರಿನ ಇಮೇಲ್ ಮಾಡಿ, ಅದರ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಕಚೇರಿಯ ತಿಜೋರಿಯಲ್ಲಿಡಿ, ಬದಲಿಸಿದಾಗಲೆಲ್ಲ ಲಕೋಟೆಯೂ ಬದಲಾಗಲಿ.

ತಾಣ ಎದ್ದ ಮೇಲೆ ಅದನ್ನು ಹೊಸ ಆವೃತ್ತಿಗೆ ಏರಿಸಬೇಕು. ತೀರಾ ಹಳೆಯದಾಗಿದ್ದರೆ ಒಂದೇ ಜಿಗಿತಕ್ಕೆ ಆಗುವುದಿಲ್ಲ, ನಡುವೆ ಒಂದೆರಡು ಮೆಟ್ಟಿಲು ಹತ್ತಬೇಕಾಗುತ್ತದೆ. ಅದನ್ನು ನೇರವಾಗಿ ಜೀವಂತ ತಾಣದ ಮೇಲೆ ಮಾಡಬೇಡಿ. ಲೈಬ್ರರಿಯ ಒಂದು ಕಂಪ್ಯೂಟರಿನಲ್ಲಿ ನಕಲು ಕೂರಿಸಿ ಅಲ್ಲಿ ಮೊದಲು ಮಾಡಿ ನೋಡಿ. ಯಾವ ಆವೃತ್ತಿಯಲ್ಲಿದ್ದೀರಿ ಎಂಬುದು ಡಾಟಾಬೇಸಿನ ವರ್ಶನ್ಸ್ ಎಂಬ ಕೋಷ್ಟಕದಲ್ಲಿದೆ. ಲೈಬ್ರೇರಿಯನ್ ಜತೆ ಕೂತು ಆ ಸಂಖ್ಯೆಯನ್ನು ನೋಡಿ, ಹೋಸ್ಟಿಂಗಿನ ಪಿಎಚ್‌ಪಿ ಆವೃತ್ತಿಯ ಜತೆಗೆ ನನಗೆ ಬರೆದು ಕಳಿಸಿ. ಎಷ್ಟು ಮೆಟ್ಟಿಲು, ಯಾವ ಕ್ರಮದಲ್ಲಿ ಎಂದು ನಿಮ್ಮಿಬ್ಬರಿಗೂ ಹೇಳುತ್ತೇನೆ.